ಊರಿಗೆಲ್ಲ ಡಂಗುರ

ಹಿಂದೆ ಹಳ್ಳಿಗಳಲ್ಲಿ ಸುದ್ದಿ ಮುಟ್ಟಿಸಲು ಎರಡು ದಾರಿಗಳಿದ್ದವು. ಒಬ್ಬರಿಗೆ ಹೇಳಬೇಕಾದ ಮಾತಿದ್ದರೆ ಅವರ ಮನೆ ಬಾಗಿಲಿಗೆ ಹೋಗಿ ಹೇಳುವುದು. ಎಲ್ಲರಿಗೂ ತಿಳಿಯಬೇಕಾದದ್ದಿದ್ದರೆ ತಮಟೆ ಬಾರಿಸಿ ಡಂಗುರ ಸಾರುವುದು. ಡಂಗುರ ಸುಲಭ, ಒಮ್ಮೆ ಕೂಗಿದರೆ ಬೀದಿಗೆಲ್ಲ ಕೇಳಿಸುತ್ತದೆ. ಆದರೆ ಎಮ್ಮೆ ಕಾಣೆಯಾದವರು, ಸಾಲಗಾರನನ್ನು ಹುಡುಕುವವರು ಎಲ್ಲರೂ ತಮಟೆ ಹಿಡಿದು ಹೊರಟರೆ ಊರಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸದು. ನಿಸ್ತಂತು ಜಾಲಗಳನ್ನು ಕಟ್ಟುವ ಎಂಜಿನಿಯರುಗಳಿಗೆ ದಶಕಗಳಿಂದ ಎದುರಾಗಿರುವುದೂ ಇದೇ ಸಮಸ್ಯೆ.

1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ದ್ವೀಪಗಳ ನಡುವೆ ರೇಡಿಯೋ ಮೂಲಕ ಕಂಪ್ಯೂಟರುಗಳನ್ನು ಜೋಡಿಸಿದರು. ಆ ಜಾಲದ ಹೆಸರು ಅಲೋಹಾ. ಮಾತು ಬಂದವರು ಬಂದಾಗ ಆಡಬಹುದು. ಇಬ್ಬರ ಮಾತು ಡಿಕ್ಕಿಯಾದರೆ ಸ್ವಲ್ಪ ಕಾದು ಮತ್ತೆ ಆಡಬೇಕು. ಈ ನಿಯಮದಲ್ಲಿ ರೇಡಿಯೋ ಹಾದಿಯ ಶೇಕಡಾ 18ರಷ್ಟು ಮಾತ್ರ ಕೆಲಸಕ್ಕೆ ಬರುತ್ತದೆಂದು ಗಣಿತವೇ ತೋರಿಸಿತು. ಗಾಳಿ ಎಲ್ಲರ ಸೊತ್ತು. ಅದನ್ನು ಹಂಚಿಕೊಳ್ಳುವ ಶಿಸ್ತು ಬೇಕು ಎಂಬುದು ಅಲ್ಲಿ ಕಲಿತ ಮೊದಲ ಪಾಠ.

ಇಂದಿನ ಹಾಸ್ಟೆಲುಗಳಿಗೆ ಬರೋಣ. ರಾತ್ರಿ ಒಂಬತ್ತಕ್ಕೆ ವೈ-ಫೈ ತೆವಳುತ್ತದೆ. ಇನ್ನೂ ವೇಗದ ಸಂಪರ್ಕ ಕೊಳ್ಳಬೇಕೆಂದು ಪೋಷಕರು ಒತ್ತಾಯಿಸುತ್ತಾರೆ. ಕೆಲವೊಮ್ಮೆ ರೋಗ ಅಲ್ಲಿರುವುದೇ ಇಲ್ಲ. ಒಂದು ಕಂಪ್ಯೂಟರು ಇನ್ನೊಂದನ್ನು ಹುಡುಕುವಾಗ "ಈ ಸಂಖ್ಯೆಯ ವಿಳಾಸ ಯಾರದು?" ಎಂದು ಜಾಲಕ್ಕೆಲ್ಲ ಕೂಗಿ ಕೇಳುತ್ತದೆ. ಎಆರ್‌ಪಿ ಎಂಬ ಈ ಕ್ರಮ 1982ರಲ್ಲಿ ಪ್ರಕಟವಾದದ್ದು. ತಂತಿಯ ಜಾಲದಲ್ಲಿ ಇಂಥ ಕೂಗು ಅಗ್ಗ. ನಿಸ್ತಂತುವಿನಲ್ಲಿ ಬಲು ದುಬಾರಿ. ಪ್ರಿಂಟರು, ಟಿವಿ, ಮೊಬೈಲುಗಳೂ "ನಾನಿಲ್ಲಿದ್ದೇನೆ" ಎಂದು ಆಗಾಗ ಸಾರುತ್ತಲೇ ಇರುತ್ತವೆ.

ದುಬಾರಿಯಾಗಲು ಮೂರು ಕಾರಣಗಳಿವೆ. ಒಬ್ಬರಿಗೆ ಕಳಿಸಿದ ಸಂದೇಶಕ್ಕೆ ವೈ-ಫೈನಲ್ಲಿ ರಸೀದಿ ಬರುತ್ತದೆ. ಎಲ್ಲರಿಗೂ ಸಾರಿದ್ದಕ್ಕೆ ಬರುವುದಿಲ್ಲ. ಆದ್ದರಿಂದ ಮೂಲೆಯಲ್ಲಿರುವ ದುರ್ಬಲ ಸಾಧನಕ್ಕೂ ಮುಟ್ಟಲಿ ಎಂದು ಡಂಗುರವನ್ನು ನಿಧಾನವಾದ ವೇಗದಲ್ಲೇ ಸಾರಲಾಗುತ್ತದೆ. ಕೊನೆಯದಾಗಿ, ಬ್ಯಾಟರಿ ಉಳಿಸಲು ಮಲಗಿದ ಮೊಬೈಲುಗಳು ಈ ಕೂಗಿಗಾಗಿ ನಿಗದಿತ ಹೊತ್ತಿಗೆ ಎದ್ದು ಕಿವಿಗೊಡಬೇಕು.

ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. 100 ಬೈಟುಗಳ ಸಂದೇಶವೆಂದರೆ 800 ಬಿಟ್. ಸೆಕೆಂಡಿಗೆ 10 ಲಕ್ಷ ಬಿಟ್ ವೇಗದಲ್ಲಿ ಅದಕ್ಕೆ 800 ಮೈಕ್ರೋಸೆಕೆಂಡು ಬೇಕು. ಸಂದೇಶದ ಮುಂದಿನ ಪೀಠಿಕೆಗೆ ಇನ್ನೂ 192. ಒಟ್ಟು ಹತ್ತಿರ ಹತ್ತಿರ ಸೆಕೆಂಡಿನ ಸಾವಿರದಲ್ಲೊಂದು ಪಾಲು. ಸೆಕೆಂಡಿಗೆ ಇಂಥ 300 ಕೂಗುಗಳೆದ್ದರೆ ಗಾಳಿಯ ಮೂರನೇ ಒಂದರಷ್ಟು ಹೊತ್ತು ಡಂಗುರಕ್ಕೇ ಖರ್ಚು. ಒಂದೇ ಜಾಲಕ್ಕೆ ಸೇರಿದ ಹತ್ತು ವೈ-ಫೈ ಪೆಟ್ಟಿಗೆಗಳಿದ್ದರೆ ಒಬ್ಬನ ಕೂಗನ್ನು ಹತ್ತೂ ಪೆಟ್ಟಿಗೆಗಳು ಮತ್ತೆ ಸಾರುತ್ತವೆ. ಹೊರಗಿನಿಂದ ಎಷ್ಟು ವೇಗದ ಸಂಪರ್ಕ ತಂದರೂ ಈ ನಷ್ಟ ತುಂಬದು.

ಪರಿಹಾರಗಳು ಸರಳ. ವಿಳಾಸಗಳನ್ನು ನೆನಪಿಟ್ಟುಕೊಂಡ ಪೆಟ್ಟಿಗೆಯೇ ಎಲ್ಲರ ಪರವಾಗಿ ಉತ್ತರ ಹೇಳಿಬಿಡಬಹುದು. ದೊಡ್ಡ ಜಾಲವನ್ನು ಒಂದೊಂದು ಮಹಡಿಗೆ ಒಂದರಂತೆ ಒಡೆಯಬಹುದು. ಕೇಳುವವರು ಒಬ್ಬಿಬ್ಬರೇ ಇದ್ದರೆ ಡಂಗುರ ಬಿಟ್ಟು ಅವರವರಿಗೇ ವೇಗವಾಗಿ ತಲುಪಿಸಬಹುದು. ಅತಿ ನಿಧಾನದ ವೇಗಗಳನ್ನು ನಿಲ್ಲಿಸಿಬಿಡಬಹುದು. ಹೊಸ ಐಪಿವಿ6 ನಿಯಮಾವಳಿ ಡಂಗುರವನ್ನೇ ಕೈಬಿಟ್ಟು ಗುಂಪಿನ ಕರೆಯನ್ನು ತಂದಿದೆ. ಆದರೆ ವೈ-ಫೈ ಗುಂಪಿನ ಕರೆಯನ್ನೂ ಡಂಗುರದಂತೆಯೇ ಸಾರುವುದರಿಂದ ಪೆಟ್ಟಿಗೆಯ ಜಾಣತನ ಅಲ್ಲಿಯೂ ಬೇಕು.

ಮನೆಯ ದೀಪ, ಬೀಗಗಳನ್ನು ಬೆಸೆಯುವ ಜಿಗ್‌ಬೀ ಜಾಲದ ರೀತಿ ಬೇರೆ. ಅದರ ವೇಗ ಸೆಕೆಂಡಿಗೆ ಬರೀ 2.5 ಲಕ್ಷ ಬಿಟ್. ಅಲ್ಲಿ ಒಂದು ಸಾಧನ ಕೂಗಿದ್ದನ್ನು ಪಕ್ಕದ್ದು ಮುಂದಕ್ಕೆ ದಾಟಿಸುತ್ತದೆ. ಈ ಮಾತು ಕೊನೆಯಿಲ್ಲದೆ ಸುತ್ತಬಾರದೆಂದು ಪ್ರತಿ ಸಂದೇಶಕ್ಕೂ ಒಂದು ಸಂಖ್ಯೆ ಇರುತ್ತದೆ. ಕೇಳಿದ ಮಾತೇ ಮತ್ತೆ ಬಂದರೆ ಸಾಧನ ಸುಮ್ಮನಿರುತ್ತದೆ.

ವೈ-ಫೈನಲ್ಲಿ ಹತ್ತಿಕ್ಕಬೇಕಾದ ಈ ಡಂಗುರವೇ ಮೊಬೈಲ್ ಗೋಪುರದಲ್ಲಿ ಪ್ರಾಣ ಉಳಿಸುತ್ತದೆ. ನೆರೆ ಬರುತ್ತಿದೆ ಎಂದು ಒಂದು ಲಕ್ಷ ಜನರಿಗೆ ಎಸ್ಸೆಮ್ಮೆಸ್ ಕಳಿಸಲು ಒಂದು ಲಕ್ಷ ಸಂದೇಶಗಳು ಬೇಕು. ಅವಸರದ ಹೊತ್ತಿಗೆ ದಾರಿಯೇ ಕಟ್ಟಿಕೊಳ್ಳುತ್ತದೆ. ಸೆಲ್ ಬ್ರಾಡ್‌ಕಾಸ್ಟ್ ವಿಧಾನದಲ್ಲಿ ಗೋಪುರ ಒಮ್ಮೆ ಸಾರಿದರೆ ಅದರ ವ್ಯಾಪ್ತಿಯಲ್ಲಿ ಹತ್ತು ಮೊಬೈಲುಗಳಿರಲಿ, ಹತ್ತು ಸಾವಿರವಿರಲಿ, ಖರ್ಚು ಒಂದೇ. ಯಾರ ಸಂಖ್ಯೆಯೂ ಬೇಕಿಲ್ಲ. ಆಗತಾನೇ ಬಸ್ಸಿಳಿದವರಿಗೂ ಸಿಗಲೆಂದು ಗೋಪುರ ಸಂದೇಶವನ್ನು ಮತ್ತೆ ಮತ್ತೆ ಸಾರುತ್ತದೆ. ಒಮ್ಮೆ ತೋರಿಸಿದ್ದನ್ನು ಮೊಬೈಲು ಗುರುತು ಹಿಡಿದು ಬಿಟ್ಟುಬಿಡುತ್ತದೆ. 4ಜಿ ಮೊಬೈಲು ಮಲಗಿದ್ದರೂ 0.32ರಿಂದ 2.56 ಸೆಕೆಂಡುಗಳಿಗೊಮ್ಮೆ ಕರೆ ಬಂದಿದೆಯೇ ಎಂದು ನೋಡಲು ಹೇಗೂ ಏಳುತ್ತದೆ. ಎಚ್ಚರಿಕೆಯ ಸೂಚನೆಯೂ ಆಗಲೇ ಸಿಗುತ್ತದೆ.

ಜಾಗ ಮಾತ್ರ ಇಕ್ಕಟ್ಟು. ಜಿಎಸ್‌ಎಂ ಮಾದರಿಯಲ್ಲಿ ಒಂದು ಪುಟಕ್ಕೆ 82 ಬೈಟ್, ಒಟ್ಟು 15 ಪುಟ. ಇಂಗ್ಲಿಷಿನಲ್ಲಾದರೆ ಪುಟಕ್ಕೆ 93 ಅಕ್ಷರ ಹಿಡಿಸುತ್ತವೆ. ಕನ್ನಡದ ಪ್ರತಿ ಸಂಕೇತಕ್ಕೆ 2 ಬೈಟ್ ಬೇಕಾದ್ದರಿಂದ ಸುಮಾರು 40 ಸಂಕೇತಗಳಷ್ಟೇ. "ಕ್ಷ" ಒಂದೇ ಮೂರು ಸಂಕೇತ ನುಂಗುತ್ತದೆ. ಚುಟುಕಾಗಿ ಬರೆಯುವ ಕಲೆ ಜೀವ ಉಳಿಸುವ ಕಲೆಯೂ ಹೌದು.

2023ರ ಅಕ್ಟೋಬರಿನಲ್ಲಿ ಕರ್ನಾಟಕದ ಅನೇಕ ಮೊಬೈಲುಗಳು ಒಮ್ಮೆಗೇ ಜೋರಾಗಿ ಸದ್ದು ಮಾಡಿದ್ದು ಇದೇ ವ್ಯವಸ್ಥೆಯ ಪರೀಕ್ಷೆಗಾಗಿ. ದೂರಸಂಪರ್ಕ ಇಲಾಖೆಯು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದೊಡನೆ ಸೇರಿ ನಡೆಸಿದ ಪರೀಕ್ಷೆ ಅದು. ಅಂಥ ಸದ್ದಿಗೆ ಬೆದರಿ ಮೊಬೈಲಿನಲ್ಲಿ ಎಚ್ಚರಿಕೆಗಳನ್ನೇ ಮುಚ್ಚಿಬಿಡುವವರೂ ಉಂಟು. ಅಜ್ಜ ಅಜ್ಜಿಯರ ಮೊಬೈಲಿನಲ್ಲಿ ಅವು ತೆರೆದಿವೆಯೇ ಎಂದು ಮನೆಯ ಮಕ್ಕಳು ಇಂದೇ ನೋಡಿಕೊಡುವುದು ಒಳ್ಳೆಯದು. ಬೇಡದ ಡಂಗುರಗಳನ್ನು ತಡೆಯುವುದು ಎಂಜಿನಿಯರುಗಳ ಕೆಲಸ. ಬೇಕಾದ ಒಂದು ಡಂಗುರ ಕೇಳಿಸುವಂತೆ ಬಾಗಿಲು ತೆರೆದಿಡುವುದು ಮನೆಯವರ ಕೆಲಸ.