ಕಪ್ ಸಾಕು, ಈಗ ಏಣಿ ಬೇಕು

2025ರ ಮೇ 24ರಂದು ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಒಂದು ಮ್ಯಾಚ್ ನಡೀತು. ಗೆದ್ದ ತಂಡ ಇಂಗ್ಲೆಂಡಿನ ಚಾಂಪಿಯನ್ ಆಗಲಿಲ್ಲ. ತಾನು ಆಡುತ್ತಿದ್ದ ಎರಡನೇ ದರ್ಜೆಯ ಲೀಗಿಗೂ ಅದು ಚಾಂಪಿಯನ್ ಅಲ್ಲ. ಅದಕ್ಕೆ ಸಿಕ್ಕ ದೊಡ್ಡ ಬಹುಮಾನ ಅಂದ್ರೆ ಮುಂದಿನ ವರ್ಷ ಒಂದು ಮೆಟ್ಟಿಲು ಮೇಲೆ ಆಡುವ ಹಕ್ಕು. ಇದೇ ಪ್ರಮೋಷನ್ ಪ್ಲೇ-ಆಫ್ ಫೈನಲ್.

ಲೆಕ್ಕ ಸರಳ. ಆ ಲೀಗಿನಲ್ಲಿ 24 ತಂಡ, ಪ್ರತಿಯೊಂದಕ್ಕೂ 46 ಮ್ಯಾಚ್. ಮೊದಲ ಎರಡು ತಂಡ ನೇರವಾಗಿ ಪ್ರೀಮಿಯರ್ ಲೀಗಿಗೆ. ಉಳಿದ ಒಂದು ಸೀಟಿಗೆ ಆಗ 3ರಿಂದ 6ನೇ ಸ್ಥಾನದವರ ನಡುವೆ ಪೈಪೋಟಿ ಇತ್ತು. ಆ ವರ್ಷ ಶೆಫೀಲ್ಡ್ ಯುನೈಟೆಡ್ 90 ಪಾಯಿಂಟ್ ಗಳಿಸಿ 3ನೇ ಸ್ಥಾನದಲ್ಲಿತ್ತು, ಸಂಡರ್‌ಲ್ಯಾಂಡ್ 76 ಪಾಯಿಂಟ್ ಗಳಿಸಿ 4ನೇ ಸ್ಥಾನದಲ್ಲಿ. ಫೈನಲ್ಲಿನಲ್ಲಿ ಶೆಫೀಲ್ಡ್ ಮೊದಲು ಗೋಲು ಹೊಡೀತು. ಸಂಡರ್‌ಲ್ಯಾಂಡ್ ಸಮ ಮಾಡಿತು. 95ನೇ ನಿಮಿಷದಲ್ಲಿ ಟಾಮಿ ವಾಟ್ಸನ್ ಹೊಡೆದ ಗೋಲಿಗೆ ಮ್ಯಾಚ್ 2-1. ವಾಟ್ಸನ್‌ಗೆ ಆಗ 19 ವರ್ಷ, ನಮ್ಮದೇ ವಯಸ್ಸು.

14 ಪಾಯಿಂಟ್ ಕಡಿಮೆ ಇದ್ದವರು ಮೇಲೆ ಹೋದ್ರು. ವರ್ಷವಿಡೀ ಇಂಟರ್ನಲ್ಸ್ ಚಲೋ ಬರೆದವನಿಗೆ ಸೆಮ್ ಎಕ್ಸಾಂ ದಿನವೇ ಜ್ವರ ಬಂದ ಹಾಗೆ. ಇದು ನ್ಯಾಯಾನಾ ಅಂತ ನಮ್ಮ ಹಾಸ್ಟೆಲ್ಲಿನಲ್ಲಿ ಜಗಳ ಆಗಿದ್ದು ಖರೇ. ಆದ್ರೆ ನಿಯಮ ಎಲ್ಲರಿಗೂ ಮೊದಲೇ ಗೊತ್ತಿತ್ತು. ಇನ್ನೊಂದು ಮಾತು: ಇದೇ ಸಂಡರ್‌ಲ್ಯಾಂಡ್ 2017ರಲ್ಲಿ ಪ್ರೀಮಿಯರ್ ಲೀಗಿನಿಂದ ಬಿತ್ತು, 2018ರಲ್ಲಿ ಮತ್ತೊಂದು ಮೆಟ್ಟಿಲು ಕೆಳಗೆ ಬಿತ್ತು. ಮೂರನೇ ದರ್ಜೆಯಲ್ಲಿ ನಾಲ್ಕು ವರ್ಷ ಕಳೀತು. 2022ರಲ್ಲಿ ಒಂದು ಪ್ಲೇ-ಆಫ್ ಫೈನಲ್, 2025ರಲ್ಲಿ ಇನ್ನೊಂದು, ಎರಡನ್ನೂ ಗೆದ್ದು ವಾಪಸ್ ಬಂತು. ಬೀಳೋಕೆ ಇದ್ದ ಏಣಿಯೇ ಏರೋಕೂ ಇತ್ತು.

ನಮ್ಮ ವಾದ ಇರೋದು ಇಲ್ಲೇ. ಲೀಗಿಗೆ ನೆನಪಿರ್ತದೆ. ಈ ವರ್ಷ ನೀವು ಮಾಡಿದ್ದು ಮುಂದಿನ ವರ್ಷ ನೀವು ಎಲ್ಲಿಂದ ಶುರು ಮಾಡ್ತೀರಿ ಅನ್ನೋದನ್ನ ತೀರ್ಮಾನಿಸ್ತದೆ. ಟೂರ್ನಮೆಂಟಿಗೆ ಆ ನೆನಪಿಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬಂದ ನಾವು ಬೆಳೆಯುವಾಗ ನೋಡಿದ್ದೆಲ್ಲ ಟೂರ್ನಮೆಂಟುಗಳೇ. ಜಾತ್ರೆಗೊಂದು ಹೊನಲು ಬೆಳಕಿನ ಕಬಡ್ಡಿ, ಹಬ್ಬಕ್ಕೊಂದು ವಾಲಿಬಾಲ್, ಆಗೊಮ್ಮೆ ಈಗೊಮ್ಮೆ ಫುಟ್‌ಬಾಲ್. ಎಂಟ್ರಿ ಫೀ, ಶಾಮಿಯಾನ, ಪ್ರಥಮ ಬಹುಮಾನ ಇಂಥವರಿಂದ, ದ್ವಿತೀಯ ಬಹುಮಾನ ಅಂಥವರಿಂದ. ಗೆದ್ದವರು ಕಪ್ ಹಿಡಿದು ಫೋಟೋ ತೆಗೆಸಿಕೊಳ್ತಾರೆ. ಮುಂದಿನ ವರ್ಷ ಎಲ್ಲರೂ ಮತ್ತೆ ಸೊನ್ನೆಯಿಂದ.

ಶಾಲಾ ಕ್ರೀಡಾಕೂಟಕ್ಕೆ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಮೆಟ್ಟಿಲುಗಳಿವೆಯಲ್ಲ ಅಂತ ನೀವು ಕೇಳಬಹುದು. ಇವೆ. ಆದರೆ ಅದು ಒಂದೇ ವರ್ಷದ ಏಣಿ, ಓದು ಮುಗಿದ ದಿನ ಅದೂ ಮುಗೀತು. ನಮಗಿಂತ ಚಲೋ ಆಡುತ್ತಿದ್ದ ಗೆಳೆಯರು ಎಸ್ಸೆಸ್ಸೆಲ್ಸಿ ಆದಮೇಲೆ ಬೂಟು ಬಿಚ್ಚಿಟ್ರು. ಅವರು ಸೋತು ಬಿಟ್ಟಿದ್ದಲ್ಲ. ಆಡೋಕೆ ಮುಂದಿನ ಮ್ಯಾಚೇ ಇರಲಿಲ್ಲ.

ಕರ್ನಾಟಕದಲ್ಲಿ ಫುಟ್‌ಬಾಲಿಗೆ ಏಣಿಯೇ ಇಲ್ಲ ಅಂತಲ್ಲ. ಬೆಂಗಳೂರಿನಲ್ಲಿ ಸಿ, ಬಿ, ಎ, ಸೂಪರ್ ಅಂತ ಡಿವಿಷನ್‌ಗಳಿವೆ. ಎಸ್‌ಸಿ ಬೆಂಗಳೂರು 2023-24ರಲ್ಲಿ ಐ-ಲೀಗ್ 2 ಗೆದ್ದು ಐ-ಲೀಗಿಗೆ ಏರಿತು, ಮರುವರ್ಷವೇ ಕೆಳಗಿಳಿಯಿತು. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ, ಏಣಿ ಕೆಲಸ ಮಾಡ್ತಿದೆ ಅಂತ ಅರ್ಥ. ಆದ್ರೆ ಮೇಲಿನ ತುದಿ ನೋಡ್ರಿ. 2014ರಲ್ಲಿ ಶುರುವಾದ ಐಎಸ್‌ಎಲ್‌ಗೆ ಐ-ಲೀಗ್ ಗೆದ್ದು ಏರಿದ ಮೊದಲ ತಂಡ ಪಂಜಾಬ್ ಎಫ್‌ಸಿ, ಅದೂ 2023ರಲ್ಲಿ. ಮೊದಲ ಹತ್ತು ವರ್ಷ ಅಲ್ಲಿಂದ ಯಾರೂ ಕೆಳಗೆ ಬೀಳುವ ನಿಯಮವೇ ಇರಲಿಲ್ಲ. ಇನ್ನು ಕೆಳಗಿನ ಮೆಟ್ಟಿಲು ನಮ್ಮೂರಿಂದ ಒಂದು ರಾತ್ರಿಯ ಬಸ್ಸಿನಷ್ಟು ದೂರ. ಕೊಡಗು ಎಫ್‌ಸಿಯಂಥ ತಂಡವೂ ಬೆಂಗಳೂರಿನ ಲೀಗಿಗೇ ಬಂದು ಆಡಿದೆ.

ತುಂಗಭದ್ರಾ ಎಡದಂಡೆ ಕಾಲುವೆ ಇರೋದರಿಂದ ಗಂಗಾವತಿಯಲ್ಲಿ ಭತ್ತ ಬೆಳೀತದೆ. ಅದೇ ಜಿಲ್ಲೆಯ ಕುಷ್ಟಗಿ, ಯಲಬುರ್ಗಾದ ರೈತರು ಮುಗಿಲು ನೋಡ್ತಾರೆ. ಡ್ಯಾಂ ತುಂಬಿದ್ರೆ ಸಾಲದು, ಕಾಲುವೆ ಎಲ್ಲಿವರೆಗೆ ಬರ್ತದೆ ಅನ್ನೋದೇ ಪ್ರಶ್ನೆ. ಪ್ರತಿಭೆಯ ಮಾತೂ ಅಷ್ಟೇ. 2023ರ ಮಾರ್ಚಿನಲ್ಲಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಾಗ ನಾವೂ ಖುಷಿಪಟ್ಟೆವು. ಆದ್ರೆ ಆ ತಂಡದ ಜೆರ್ಸಿವರೆಗೆ ಯಲಬುರ್ಗಾದ ಹುಡುಗನೋ ಹುಡುಗಿಯೋ ಯಾವ ದಾರಿಯಲ್ಲಿ ಹೋಗಬೇಕು?

ನಮ್ಮ ಕಡೆ ಫುಟ್‌ಬಾಲ್ ಯಾರು ನೋಡ್ತಾರೆ, ಕಬಡ್ಡಿ ಸಾಕು ಅನ್ನೋರಿದ್ದಾರೆ. ಸರಿ, ಕಬಡ್ಡಿಗೇ ಏಣಿ ಹಾಕಿ, ನಮ್ಮ ತಕರಾರಿಲ್ಲ. ದುಡ್ಡೆಲ್ಲಿದೆ ಅನ್ನೋರಿಗೆ ನಮ್ಮ ಉತ್ತರ ಇಷ್ಟೇ: ಕಪ್ಪಿಗೆ, ಶಾಮಿಯಾನಕ್ಕೆ ಈಗಲೇ ದುಡ್ಡು ಬರ್ತಿದೆ, ಅದನ್ನೇ ಬಸ್ ಚಾರ್ಜಿಗೆ ಕೊಡಿ. ಎರಡು ಡಿವಿಷನ್ ಮಾಡಿ, ನಾಲ್ಕೂ ಊರಲ್ಲಿ ಸರದಿ ಪ್ರಕಾರ ಭಾನುವಾರ ಮ್ಯಾಚ್ ಇಡಿ.

ಜಿಲ್ಲೆಯವರಿಗೆ ಉಪದೇಶ ಮಾಡೋ ಮೊದಲು ನಮ್ಮ ಕ್ಯಾಂಪಸ್ಸಿನಲ್ಲೇ ಶುರು ಮಾಡೋಣ. ಇಂಟರ್-ಬ್ರಾಂಚ್ ನಾಕೌಟಿನಲ್ಲಿ ಎಂಟು ತಂಡ ಇದ್ರೆ ಒಟ್ಟು 7 ಮ್ಯಾಚ್, ನಾಲ್ಕು ತಂಡ ಒಂದೇ ಮ್ಯಾಚ್ ಆಡಿ ಮನೆಗೆ. ಅದೇ ಎಂಟನ್ನು ನಾಲ್ಕು ನಾಲ್ಕರ ಎರಡು ಡಿವಿಷನ್ ಮಾಡಿದ್ರೆ 12 ಮ್ಯಾಚ್, ಪ್ರತಿ ತಂಡಕ್ಕೂ ಮೂರು. ಮೇಲಿನ ಡಿವಿಷನ್ನಿನ ಕೊನೆಯವರಿಗೂ ಕೆಳಗಿನ ಡಿವಿಷನ್ನಿನ ಮೊದಲಿನವರಿಗೂ ಒಂದು ಪ್ಲೇ-ಆಫ್ ಇಟ್ರೆ 13. ಅಂದ್ರೆ ಹೆಚ್ಚಿಗೆ ಬೇಕಾಗಿದ್ದು ಆರು ಮ್ಯಾಚು, ಸಂಜೆ ಎರಡರಂತೆ ಮೂರು ದಿನ. ನಾವು ಫೈನಲ್ ಇಯರಿಗೆ ಬರೋ ಹೊತ್ತಿಗೆ ಫಸ್ಟ್ ಇಯರಿನವರು ಅದೇ ಪಟ್ಟಿ ನೋಡಿ ತಮ್ಮ ಬ್ರಾಂಚ್ ಯಾವ ಡಿವಿಷನ್ನಿನಲ್ಲಿದೆ ಅಂತ ಕೇಳಬೇಕು. ಸ್ಪೋರ್ಟ್ಸ್ ಕಮಿಟಿಯವರೇ, ಈ ಸೆಮ್‌ನಲ್ಲೇ ಆಗ್ತದಾ?