ಜನಾಝಾದ ಬಳಿಕ ಉಳಿಯುವ ಮಕ್ಕಳು

ಸಾವು ಹಿರಿಯರ ದುಃಖ, ಮಕ್ಕಳು ಬೇಗ ಮರೆಯುತ್ತಾರೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ಎಷ್ಟು ಮಕ್ಕಳು ಈ ದುಃಖದ ಪಾಲುದಾರರು ಎಂದು ನಾವು ಎಂದಾದರೂ ಲೆಕ್ಕ ಹಾಕಿದ್ದೇವೆಯೇ?

ತಂದೆ ಅಥವಾ ತಾಯಿಯನ್ನು ಇಲ್ಲವೇ ಇಬ್ಬರನ್ನೂ ಕಳಕೊಂಡ ಮಕ್ಕಳು ಜಗತ್ತಿನಲ್ಲಿ ಸುಮಾರು 14 ಕೋಟಿ ಇದ್ದಾರೆಂದು 2015ರಲ್ಲಿ ಯುನಿಸೆಫ್ ಅಂದಾಜಿಸಿತ್ತು. ನಮ್ಮ ದೇಶದಲ್ಲಿ 2020ರ ಎಪ್ರಿಲ್‌ನಿಂದ 2022ರ ಜನವರಿ ವರೆಗಿನ ಲೆಕ್ಕವನ್ನು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು ಸುಪ್ರೀಂ ಕೋರ್ಟಿಗೆ ಸಲ್ಲಿಸಿತ್ತು. ಅದರ ಪ್ರಕಾರ, ಹೆತ್ತವರಿಬ್ಬರನ್ನೂ ಕಳಕೊಂಡ ಮಕ್ಕಳು 10,094. ಒಬ್ಬರನ್ನು ಕಳಕೊಂಡವರು 1,36,910. ಅಂದರೆ ಸಾವಿನ ಪೆಟ್ಟು ತಿಂದ ಮಕ್ಕಳಲ್ಲಿ ಬಹುಪಾಲು ಅನಾಥಾಲಯಗಳಲ್ಲಿಲ್ಲ, ನಮ್ಮ ನಿಮ್ಮ ಮನೆಗಳಲ್ಲೇ ಇದ್ದಾರೆ. ಅಣ್ಣನನ್ನೋ ಸಾಕಿದ ಅಜ್ಜಿಯನ್ನೋ ಕಳಕೊಂಡ ಮಕ್ಕಳಂತೂ ಈ ಯಾವ ಲೆಕ್ಕದಲ್ಲೂ ಇಲ್ಲ.

ನಾವು ಯತೀಮ್ ಎನ್ನುವುದು ತಂದೆಯಿಲ್ಲದ ಮಗುವಿಗೆ. ತಾಯಿ ತೀರಿಕೊಂಡ ಮಗುವಿನ ನೋವು ಇದಕ್ಕಿಂತ ಕಡಿಮೆಯೇ? ಪ್ರವಾದಿ ಮುಹಮ್ಮದ್(ಸ)ರು ಹುಟ್ಟುವ ಮೊದಲೇ ತಂದೆಯನ್ನು, ಆರನೇ ವಯಸ್ಸಿನಲ್ಲಿ ತಾಯಿಯನ್ನು, ಎಂಟನೇ ವಯಸ್ಸಿನಲ್ಲಿ ಆಸರೆಯಾಗಿದ್ದ ಅಜ್ಜನನ್ನು ಕಳಕೊಂಡರು. ಅವರ ಬಾಲ್ಯವನ್ನು ಹೇಳುವಾಗ ಈ ಮೂರೂ ಅಗಲಿಕೆಗಳನ್ನು ನಾವು ಸ್ಮರಿಸುತ್ತೇವೆ. ನೆರೆಮನೆಯ ಮಗುವಿನ ವಿಷಯದಲ್ಲಿ ಮಾತ್ರ ಈ ನೆನಪು ಕೆಲಸ ಮಾಡುವುದಿಲ್ಲ.

ದಾವಣಗೆರೆ-ಹರಿಹರದಂತಹ ದುಡಿಮೆಯ ಊರುಗಳಲ್ಲಿ ಇದರ ಪರಿಣಾಮ ತೀವ್ರವಾಗಿದೆ. ಕರೂರು ಕೈಗಾರಿಕಾ ಪ್ರದೇಶದ ಕಾರ್ಮಿಕನಿರಲಿ, ಮಂಡಕ್ಕಿ ಭಟ್ಟಿಯ ಕೂಲಿಯಿರಲಿ, ಹಮಾಲಿಯಿರಲಿ, ದುಡಿಯುವ ಕೈ ಇಲ್ಲವಾದರೆ ಮನೆಯ ಭಾರ ಮಗನ ಹೆಗಲಿಗೆ ಬೀಳುತ್ತದೆ. ಹುಡುಗ ಗ್ಯಾರೇಜು ಸೇರುತ್ತಾನೆ. ತಾಯಿ ತೀರಿಕೊಂಡರೆ ಹುಡುಗಿ ಶಾಲೆ ಬಿಟ್ಟು ಒಲೆಯ ಮುಂದೆ ಕುಳಿತುಕೊಳ್ಳುತ್ತಾಳೆ. ಜನರು ಇದನ್ನು 'ಜವಾಬ್ದಾರಿ ಬಂತು' ಎಂದು ಹೊಗಳುತ್ತಾರೆ. ವಾಸ್ತವದಲ್ಲಿ ಆ ಮಗು ಹೆತ್ತವರ ಜೊತೆಗೆ ಬಾಲ್ಯವನ್ನೂ ಕಳಕೊಂಡಿದೆ.

ಇದನ್ನು ತಡೆಯಲು ದಾರಿಗಳಿಲ್ಲವೆಂದಲ್ಲ. ಭವಿಷ್ಯ ನಿಧಿಯ ಪಿಂಚಣಿ ಯೋಜನೆಯ ಸದಸ್ಯನಾಗಿದ್ದ ಕಾರ್ಮಿಕ ತೀರಿಕೊಂಡರೆ ವಿಧವೆಗೆ ಮಾತ್ರವಲ್ಲ, ಇಬ್ಬರು ಮಕ್ಕಳಿಗೂ 25 ವರ್ಷ ತುಂಬುವವರೆಗೆ ಪಿಂಚಣಿಯ ಹಕ್ಕಿದೆ. ಭಟ್ಟಿಯ ಕೂಲಿಗೆ, ಹಮಾಲಿಗೆ ಸಾಮಾನ್ಯವಾಗಿ ಆ ರಕ್ಷಣೆ ಇಲ್ಲ. ಆದರೆ ಅಂಥ ಬಡ ಕುಟುಂಬಗಳ ಮಕ್ಕಳಿಗಾಗಿ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ನೆರವಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಸಲ್ಲಿಸಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೂ ಮಾರ್ಗದರ್ಶನ ದೊರೆಯುತ್ತದೆ. ಗಂಡನನ್ನು ಕಳಕೊಂಡು ಇದ್ದತ್‌ನಲ್ಲಿರುವ ಹೆಣ್ಣುಮಗಳೊಬ್ಬಳು ಇದನ್ನೆಲ್ಲ ತಾನೇ ಹುಡುಕಿಕೊಂಡು ಹೋಗಬೇಕೆಂದು ನಿರೀಕ್ಷಿಸುವುದು ನ್ಯಾಯವೇ?

ಇಲ್ಲಿ ಮೊಹಲ್ಲಾದ ಜಮಾಅತ್‌ಗಳ ಹೊಣೆಗಾರಿಕೆ ಬಹಳ ದೊಡ್ಡದು. ದಫನ ಮಾಡಿದವರ ಹೆಸರನ್ನು ದಾಖಲಿಸುವಾಗ ಅದರ ಪಕ್ಕದಲ್ಲೇ ಅವರ ಮಕ್ಕಳ ಹೆಸರು, ವಯಸ್ಸು, ಓದುತ್ತಿರುವ ತರಗತಿಯನ್ನೂ ಬರೆಯಲಿ. ಮೂರು ತಿಂಗಳ ಬಳಿಕ ಯಾರಾದರೊಬ್ಬರು ಹೋಗಿ ಆ ಮಗು ಶಾಲೆಯಲ್ಲಿದೆಯೇ, ಅರ್ಜಿ ಸಲ್ಲಿಕೆಯಾಗಿದೆಯೇ ಎಂದು ವಿಚಾರಿಸಲಿ. ತಂದೆಯ ಅಥವಾ ತಾಯಿಯ ಬಗ್ಗೆ ಮಗು ಮಾತಾಡಬಯಸಿದರೆ ಬಾಯಿ ಮುಚ್ಚಿಸದೆ ಕೇಳಿಸಿಕೊಳ್ಳಲಿ.

ಜನಾಝಾ ನಮಾಝಿಗೆ ಸಾಲುಗಟ್ಟಿ ನಿಲ್ಲುವ ಸಮುದಾಯ ನಮ್ಮದು. ಆ ಸಾಲು ಕಬರಸ್ತಾನದ ಬಾಗಿಲಲ್ಲೇ ಚದುರಿ ಹೋಗಬಾರದು.