ಖೇರ್ ಸಂಪುಟ ಕನ್ನಡಕ್ಕೆ ಕೊಡದ ಕುರ್ಚಿ

ನವಿಮುಂಬೈಯ ಮಹಾಪೆಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಂಪನಿಗಳಲ್ಲಿ ದುಡಿಯುವ ವಿಜಯಪುರ, ಧಾರವಾಡದ ಕನ್ನಡಿಗರು ಇವತ್ತು ಹೊರರಾಜ್ಯದವರು. ಆದರೆ 1937ರಲ್ಲಿ ಠಾಣೆ ಜಿಲ್ಲೆಯ ಈ ಊರಿಗೂ ಅವರ ತವರು ಜಿಲ್ಲೆಗಳಿಗೂ ಇದ್ದದ್ದು ಒಂದೇ ಸರ್ಕಾರ, ಮುಂಬೈ ಪ್ರಾಂತ್ಯದ್ದು. ಆ ವರ್ಷದ ಜುಲೈನಲ್ಲಿ ಅಧಿಕಾರ ಹಿಡಿದ ಬಿ.ಜಿ. ಖೇರ್ ನೇತೃತ್ವದ ಕಾಂಗ್ರೆಸ್ ಸಂಪುಟವನ್ನು ಆದರ್ಶ ಆಡಳಿತವೆಂದು ಇಂದಿಗೂ ಹೊಗಳುತ್ತಾರೆ. ಆ ಹೊಗಳಿಕೆ ಅರ್ಧ ಸತ್ಯ. ಬೆಳಗಾವಿ, ವಿಜಾಪುರ (ಇಂದಿನ ವಿಜಯಪುರ), ಧಾರವಾಡ, ಉತ್ತರ ಕನ್ನಡ ಎಂಬ ನಾಲ್ಕು ಜಿಲ್ಲೆಗಳ ಕನ್ನಡಿಗರನ್ನು ಆ ಸಂಪುಟ ಉಪಕಾರ ಪಡೆಯುವವರನ್ನಾಗಿ ಕಂಡಿತೇ ಹೊರತು ಅಧಿಕಾರದ ಪಾಲುದಾರರನ್ನಾಗಿ ಕಾಣಲಿಲ್ಲ.

ಸಂಪುಟದಲ್ಲಿ ಏಳು ಜನ: ಖೇರ್, ಕೆ.ಎಂ. ಮುನ್ಶಿ, ಅಣ್ಣಾಸಾಹೇಬ ಲಠ್ಠೆ, ಮೊರಾರ್ಜಿ ದೇಸಾಯಿ, ಡಾ. ಗಿಲ್ಡರ್, ಎಲ್.ಎಂ. ಪಾಟೀಲ, ಎಂ.ವೈ. ನೂರಿ. ಕರ್ನಾಟಕ ಏಕೀಕರಣದ ಚಳವಳಿಯಲ್ಲಿ ಬೆಳೆದ ಒಬ್ಬ ನಾಯಕನಿಗೂ ಇಲ್ಲಿ ಜಾಗ ಸಿಗಲಿಲ್ಲ. 1920ರ ನಾಗಪುರ ಅಧಿವೇಶನದಲ್ಲೇ ಭಾಷಾವಾರು ಪ್ರಾಂತ್ಯ ಸಮಿತಿಗಳನ್ನು ಒಪ್ಪಿಕೊಂಡು, ಕರ್ನಾಟಕಕ್ಕೆ ತನ್ನದೇ ಸಮಿತಿ ಕೊಟ್ಟ ಪಕ್ಷ ಇದು. ಚಳವಳಿಗೆ ಒಪ್ಪಿದ ತತ್ವವನ್ನು ಕುರ್ಚಿ ಹಂಚುವಾಗ ಮರೆಯಿತು. ಇದಕ್ಕೂ ಮುಂಚೆ, ಕಾಂಗ್ರೆಸ್ ಅಧಿಕಾರ ಬೇಡವೆಂದಾಗ ಏಪ್ರಿಲ್‌ನಿಂದ ಜುಲೈವರೆಗೆ ನಡೆದ ಧನಜಿಶಾ ಕೂಪರ್ ಅವರ ಬಹುಮತವಿಲ್ಲದ ಮಂತ್ರಿಮಂಡಲದಲ್ಲಿ ಹುಬ್ಬಳ್ಳಿಯ ಸರ್ ಸಿದ್ದಪ್ಪ ಕಂಬಳಿ ಸಚಿವರಾಗಿದ್ದರು. ಜನ ಆರಿಸದ ಸರ್ಕಾರ ಕೊಟ್ಟದ್ದನ್ನು ಜನರೇ ಆರಿಸಿದ ಸರ್ಕಾರ ಕಿತ್ತುಕೊಂಡಂತಾಯಿತು.

ಲಠ್ಠೆಯವರು ಬೆಳಗಾವಿ ಜಿಲ್ಲೆಯಿಂದಲೇ ಗೆದ್ದು ಹಣಕಾಸು ಖಾತೆ ಹಿಡಿದಿರಲಿಲ್ಲವೇ ಎಂದು ಕೇಳಬಹುದು. ನಿಜ, ಅವರು ಸಮರ್ಥರು. ಆದರೆ ಕೊಲ್ಹಾಪುರದ ದಿವಾನರಾಗಿ ಹೆಸರು ಮಾಡಿದ ಅವರು ಏಕೀಕರಣದ ಬೇಡಿಕೆ ಹೊತ್ತು ಸಂಪುಟಕ್ಕೆ ಹೋದವರಲ್ಲ. ಜಿಲ್ಲೆಯ ಪ್ರತಿನಿಧಿ ಬೇರೆ, ಅಲ್ಲಿನ ಜನರ ಬೇಡಿಕೆಯ ಪ್ರತಿನಿಧಿ ಬೇರೆ. ಇನ್ನು ಕೆಲಸದ ಮಾತು. ಬ್ರಿಟಿಷರ ವಿರುದ್ಧದ ಕರನಿರಾಕರಣೆ ಚಳವಳಿಯಲ್ಲಿ ಅಂಕೋಲಾ, ಸಿದ್ದಾಪುರದ ರೈತರು ಕಳೆದುಕೊಂಡಿದ್ದ ಜಮೀನನ್ನು ಈ ಸರ್ಕಾರ ಮರಳಿಸಿತು. ಹೊಲ ಹರಾಜಾದರೂ ಪಟ್ಟು ಬಿಡದ ಕುಟುಂಬಗಳಿಗೆ ಅದು ನ್ಯಾಯವೇ. 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನಾ ಸಂಸ್ಥೆ ಹುಟ್ಟಿದ್ದೂ ಈ ಸರ್ಕಾರದ ಕಾಲದಲ್ಲೇ. ಇವನ್ನು ಮರೆತರೆ ಕೃತಘ್ನತೆ. ಆದರೆ ಕೊಟ್ಟದ್ದನ್ನು ಪಡೆಯುವುದೇ ಒಂದು, ಏನು ಕೊಡಬೇಕೆಂದು ನಿರ್ಧರಿಸುವ ಕಡೆ ಕೂರುವುದೇ ಇನ್ನೊಂದು.

ಹೊಸ ಪ್ರಾಂತ್ಯ ರಚಿಸುವ ಅಧಿಕಾರ ಖೇರ್ ಅವರಿಗೆಲ್ಲಿತ್ತು, 1935ರ ಕಾಯ್ದೆ ಅದನ್ನು ಬ್ರಿಟಿಷ್ ದೊರೆತನದ ಕೈಯಲ್ಲೇ ಇಟ್ಟಿತ್ತಲ್ಲ ಎಂಬ ವಾದವೂ ಇದೆ. ಒಪ್ಪೋಣ. ಆದರೆ ತನ್ನ ಸಚಿವರನ್ನು ಆರಿಸಲು ಕಾಂಗ್ರೆಸ್‌ಗೆ ಲಂಡನ್ನಿನ ಅಪ್ಪಣೆ ಬೇಕಿರಲಿಲ್ಲ. 1937ರ ಅಕ್ಟೋಬರ್‌ನಲ್ಲಿ ಕಲ್ಕತ್ತೆಯಲ್ಲಿ ಕರ್ನಾಟಕ ಪ್ರಾಂತ್ಯಕ್ಕೆ ಶಿಫಾರಸು ಮಾಡಿದ ಪಕ್ಷವೇ 1938ರ ಜುಲೈನಲ್ಲಿ ವಾರ್ಧಾದಲ್ಲಿ, ಅಧಿಕಾರ ಕೈಗೆ ಬಂದಾಗ ಮಾಡುತ್ತೇವೆ, ಅಲ್ಲಿಯವರೆಗೆ ಚಳವಳಿ ನಿಲ್ಲಿಸಿ ಎಂದಿತು. ಸಂಪುಟದಲ್ಲಿ ದನಿಯಿಲ್ಲದವರಿಗೆ ಬೀದಿಯ ದನಿಯೂ ಬೇಡವೆಂದರೆ ಉಳಿಯುವುದೇನು? ಅರ್ಜಿ ಹಿಡಿದು ಕಾಯುವುದು ಮಾತ್ರ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಡಾ. ಅಂಬೇಡ್ಕರ್ ಅವರದು. 1938ರ ಏಪ್ರಿಲ್‌ನಲ್ಲಿ ಮುಂಬೈ ವಿಧಾನಸಭೆಯಲ್ಲಿ ಅವರು ಪ್ರತ್ಯೇಕ ಕರ್ನಾಟಕ ಪ್ರಾಂತ್ಯವನ್ನು ವಿರೋಧಿಸಿದರು; ಜನ ಮೊದಲಿಗೂ ಕೊನೆಗೂ ಭಾರತೀಯರಾಗಿಯೇ ಇರಬೇಕೆಂಬುದು ಅವರ ನಿಲುವು. ಭಾಷಾವಾರು ರಾಜ್ಯದಲ್ಲಿ ಬಹುಸಂಖ್ಯಾತ ಜಾತಿಯೊಂದು ಉಳಿದವರನ್ನು ತುಳಿಯಬಹುದು ಎಂಬ ಭಯವನ್ನು 1955ರಲ್ಲಿ ಪುಸ್ತಕವಾಗಿಯೇ ಬರೆದರು. ಕನ್ನಡಿಗರು ಮುಜುಗರಪಟ್ಟು ಇದನ್ನು ಮುಚ್ಚಿಡಬಾರದು, ಏಕೆಂದರೆ ಆ ಭಯಕ್ಕೆ ಆಧಾರವಿತ್ತು, ಈಗಲೂ ಇದೆ. ಆದರೆ ಅದಕ್ಕೆ ಮದ್ದು ಒಂದು ಭಾಷೆಯ ಜನರನ್ನು ಅಧಿಕಾರದಿಂದ ದೂರ ಇಡುವುದಲ್ಲ. ಎಲ್ಲರನ್ನೂ, ಆ ಭಾಷೆಯೊಳಗೇ ದನಿ ಸಿಗದವರನ್ನು ಮೊದಲು, ಒಳಗೆ ಕರೆದುಕೊಳ್ಳುವುದು.

ಈ ಅಳತೆಗೋಲು ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆಗೆ ಒಂದೇ ಆಗಿರಬೇಕು. 2022ರಲ್ಲಿ ಈ ಎರಡು ರಾಜ್ಯಗಳ ಗಡಿ ವಿವಾದ ಮತ್ತೆ ಭುಗಿಲೆದ್ದಾಗ ಮಹಾರಾಷ್ಟ್ರದ ಜತ್ ತಾಲ್ಲೂಕಿನ ಹಳ್ಳಿಗಳ ಹೆಸರು ಬೆಂಗಳೂರಿನಲ್ಲೂ ಮುಂಬೈಯಲ್ಲೂ ಮೊಳಗಿತು. ಆ ಹಳ್ಳಿಗಳು ಕೇಳುತ್ತಿದ್ದದ್ದು ನೀರು. ಖೇರ್ ಸಂಪುಟವನ್ನು ದೂರುವ ಹಕ್ಕು ನಮಗೆ ದಕ್ಕಬೇಕಾದರೆ ಬೆಳಗಾವಿಯ ಮರಾಠಿಗರ ವಿಷಯದಲ್ಲೂ ಇದೇ ನ್ಯಾಯ ಹೇಳಬೇಕು. ನವಿಮುಂಬೈ, ಡೊಂಬಿವಲಿ, ಕಲ್ಯಾಣದ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ರಾಜಕಾರಣಿಗಳನ್ನು ಕರೆದು ಹಾರ ಹಾಕಿದರೆ ಸಾಲದು. ಪಾಲಿಕೆಯಲ್ಲಿ, ವಿಧಾನಸಭೆಯಲ್ಲಿ ನಮ್ಮವರಿಗೆ ಎಷ್ಟು ಟಿಕೆಟ್ ಕೊಡುತ್ತೀರಿ ಎಂದು ಅದೇ ವೇದಿಕೆಯಲ್ಲಿ ಅವರನ್ನು ಕೇಳಿ, ಉತ್ತರ ಸಿಗುವವರೆಗೂ ಕೇಳುತ್ತಿರಿ.